ವಿಂಡ್‌ಶೀಲ್ಡ್ ಹಾಕಿದ ಮೇಲೆ ತಲೆ ಗಡಗಡ ಅಲ್ಲಾಡ್ತದೆ, ಎಷ್ಟು ಎತ್ತರಕ್ಕೆ ಇಡ್ಬೇಕು?

ಕಟಪಾಡಿ_ಮೀಟಿಯರ್:

ನಮಸ್ಕಾರ ಎಲ್ರಿಗೂ. ನಂದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬೈಕ್. ದಿನಾ ಕಟಪಾಡಿಯಿಂದ ಬೈಕಂಪಾಡಿಗೆ ಹೋಗಿ ಬರುದು, ಒಂದು ಕಡೆಗೆ ಹತ್ತಿರ ಹತ್ತಿರ 40 ಕಿಲೋಮೀಟರ್, ಹೆಚ್ಚುಕಮ್ಮಿ ಎಲ್ಲಾ ಎನ್‌ಎಚ್ 66ರಲ್ಲೇ. ಹೋದ ಮಳೆಗಾಲದಲ್ಲಿ ಎದೆಗೆ ನೀರು ಹೊಡೆದು ಹೊಡೆದು ಸಾಕಾಗಿ ಹೋಗಿತ್ತು, ರೈನ್‌ಕೋಟ್ ಎಷ್ಟು ಒಳ್ಳೆದಿದ್ರೂ ಕುತ್ತಿಗೆ ಹತ್ರ ಇಳಿದು ಬಿಡ್ತದೆ, ಮತ್ತೆ ದಿನ ಇಡೀ ಒದ್ದೆ ಶರ್ಟಲ್ಲಿ ಕೆಲಸ ಮಾಡ್ಬೇಕು. ಅದಕ್ಕೆ ಈ ಸಲ ಮಳೆ ಶುರುವಾಗುವ ಮೊದ್ಲೇ ಒಂದು ದೊಡ್ಡ ವಿಂಡ್‌ಶೀಲ್ಡ್ ಹಾಕಿಸಿದೆ. ಹೆಡ್‌ಲೈಟಿನ ಎರಡು ಬದಿಗೆ ಕ್ಲಾಂಪ್, ಅದರಿಂದ ಮೇಲೆ ಎರಡು ಸ್ಟೀಲ್ ಪಟ್ಟಿ, ಪಟ್ಟಿಯಲ್ಲಿ ಉದ್ದುದ್ದ ತೂತು ಉಂಟು, ಅದರಲ್ಲಿ ಮೇಲೆ ಕೆಳಗೆ ಸರಿಸ್ಲಿಕ್ಕೆ ಆಗ್ತದೆ, ಹಿಂದೆ ಮುಂದೆ ಸ್ವಲ್ಪ ವಾಲಿಸ್ಲಿಕ್ಕೂ ಆಗ್ತದೆ. ಅಂಗಡಿಯವ್ರು "ಆದಷ್ಟು ಮೇಲೆ ಇಡಿ, ಗಾಳಿಯೇ ತಾಗುದಿಲ್ಲ" ಅಂತ ಹೇಳಿ ತುದಿಗೇ ಟೈಟ್ ಮಾಡಿ ಕೊಟ್ರು.

ಎದೆಗೆ ಗಾಳಿ ಇಲ್ಲ, ಅದು ಸತ್ಯ. ಆದ್ರೆ 65 ದಾಟಿದ್ರೆ ಸಾಕು ಹೆಲ್ಮೆಟನ್ನು ಯಾರೋ ಹಿಂದಿಂದ ಹಿಡಿದು ಅಲ್ಲಾಡಿಸಿದ ಹಾಗೆ ಆಗ್ತದೆ. ಎದುರಿನ ಬಸ್ಸಿನ ನಂಬರ್ ಪ್ಲೇಟ್ ಓದ್ಲಿಕ್ಕೆ ಆಗುದಿಲ್ಲ, ಕಣ್ಣೇ ನಡುಗುದು. ಕಿವಿಯಲ್ಲಿ ಧಡಧಡ ಧಡಧಡ ಅಂತ ಒಂದೇ ಶಬ್ದ. ಬೈಕಂಪಾಡಿ ತಲುಪುವಾಗ ಕುತ್ತಿಗೆ ಹಿಂದೆ ಕಲ್ಲಿನ ಹಾಗೆ ಗಟ್ಟಿಯಾಗಿರ್ತದೆ. ವಿಚಿತ್ರ ಅಂದ್ರೆ ಬೆಳಿಗ್ಗೆ ಹೋಗುವಾಗ ಜಾಸ್ತಿ, ಸಂಜೆ ವಾಪಸ್ ಬರುವಾಗ ಅಷ್ಟಿಲ್ಲ. ಭಾನುವಾರ ಮನೆಯವಳನ್ನು ಕೂರಿಸಿಕೊಂಡು ಮಲ್ಪೆಗೆ ಹೋಗಿದ್ದೆ, ಅವಳು ಇಳಿದು ಮೊದ್ಲು ಹೇಳಿದ್ದು "ಮೊದ್ಲಿನ ಹಾಗೆ ಇದ್ದದ್ದೇ ಒಳ್ಳೆದಿತ್ತು, ಈಗ ನಂಗೆ ಹಿಂದೆ ಗಾಳಿ ಜಾಸ್ತಿ" ಅಂತ.

ನನ್ನ ಎತ್ತರ 5 ಅಡಿ 9 ಇಂಚು. ಫುಲ್ ಫೇಸ್ ಹೆಲ್ಮೆಟ್. ಈಗ ಶೀಲ್ಡಿನ ಮೇಲಿನ ಅಂಚು ಸರಿಯಾಗಿ ನನ್ನ ಕಣ್ಣಿನ ಎದುರಿಗೇ ಬರ್ತದೆ. ಇನ್ನೂ ಎತ್ತರದ್ದು ಹಾಕ್ಬೇಕಾ, ಇಳಿಸ್ಬೇಕಾ, ತೆಗೆದೇ ಬಿಡ್ಬೇಕಾ? ದುಡ್ಡು ಕೊಟ್ಟು ಆಗಿದೆ, ಮಳೆ ಇನ್ನು ಎರಡೂವರೆ ತಿಂಗಳು ಉಂಟು. ಗೊತ್ತಿದ್ದವರು ದಯವಿಟ್ಟು ಹೇಳಿ.

ಘಾಟಿ_ಸವಾರ:

ಮೊದ್ಲು ಅದನ್ನು ಬಿಚ್ಚಿಟ್ಟು ಒಂದು ದಿನ ಅದೇ ರೋಡಲ್ಲಿ ಹೋಗಿ ನೋಡಿ ಅಣ್ಣ. ಬರೀ ಬೈಕಲ್ಲೂ ತಲೆ ಅಲ್ಲಾಡಿದ್ರೆ ಹೆಲ್ಮೆಟ್ ಲೂಸ್ ಅಂತ ಲೆಕ್ಕ. ಎರಡು ವರ್ಷ ಆದ ಹೆಲ್ಮೆಟಲ್ಲಿ ಕೆನ್ನೆಯ ಪ್ಯಾಡ್ ಒತ್ತಿ ಒತ್ತಿ ಚಪ್ಪಟೆ ಆಗಿರ್ತದೆ, ಆಮೇಲೆ ಯಾವ ಶೀಲ್ಡ್ ಹಾಕಿದ್ರೂ ಸುಖ ಇಲ್ಲ. ನಂದು ಕೆಟಿಎಂ 390 ಅಡ್ವೆಂಚರ್ ಬೈಕ್, ಅದರಲ್ಲಿ ಕಂಪೆನಿಯೇ ಎರಡು ಪೊಸಿಷನ್ ಕೊಟ್ಟಿದೆ, ಬೋಲ್ಟ್ ಬಿಚ್ಚಿ ಮೇಲೆ ಕೆಳಗೆ ಮಾಡುದು. ಮೇಲಿನ ಪೊಸಿಷನ್ನಲ್ಲಿ ನಂಗೂ ಹೀಗೇ ಆಗ್ತಿತ್ತು, ಕೆಳಗೆ ಇಳಿಸಿದೆ, ಮತ್ತೆ ಮುಟ್ಲಿಲ್ಲ.

ಕೂಳೂರು_ಗಾಳಿ:

ಸ್ವಲ್ಪ ಉದ್ದ ಬರೀತೇನೆ, ಯಾಕಂದ್ರೆ ಈ ಒಂದು ವಿಷಯಕ್ಕೆ ನಾನು ಮೂರು ಬೇರೆ ಬೇರೆ ಶೀಲ್ಡಿಗೆ ದುಡ್ಡು ಹಾಕಿ ಕೊನೆಗೆ ಕಾರಣ ಅರ್ಥ ಮಾಡಿಕೊಂಡವನು, ನೀವು ಹಾಗೆ ಮಾಡುದು ಬೇಡ.

ಮಳೆಗಾಲದಲ್ಲಿ ನೇತ್ರಾವತಿ ಸೇತುವೆ ಮೇಲೆ ನಿಂತು ಕೆಳಗೆ ನೋಡಿದ್ದೀರಾ? ಕೆಂಪು ನೀರು ಬಂದು ಕಂಬಕ್ಕೆ ಹೊಡೆಯುವ ಬದಿ ನೀಟಾಗಿ ಸೀಳಿಕೊಂಡು ಹೋಗ್ತದೆ. ಕಂಬದ ಹಿಂದಿನ ಬದಿ ನೋಡಿ, ಅಲ್ಲಿ ಸುಳಿ, ಒಂದು ಈ ಕಡೆ ತಿರುಗ್ತದೆ ಒಂದು ಆ ಕಡೆ, ಕಸಕಡ್ಡಿ ಎಲ್ಲಾ ಅಲ್ಲೇ ಗಿರಗಿರ ಸುತ್ತುತ್ತಾ ಇರ್ತದೆ. ನಿಮ್ಮ ಶೀಲ್ಡೇ ಆ ಕಂಬ. ಅಂಚು ದಾಟಿದ ಗಾಳಿ ಅಲ್ಲಿ ಒಡೆದು ಸುಳಿ ಆಗ್ತದೆ, ಆ ಸುಳಿಯ ಒಳಗೆ ಸರಿಯಾಗಿ ನಿಮ್ಮ ತಲೆ ಇದೆ. ಹೆಲ್ಮೆಟಿಗೆ ನೇರ ಗಾಳಿ ಒಂದೇ ಸಮ ತಾಗಿದ್ರೆ ಕುತ್ತಿಗೆ ಒಮ್ಮೆ ಹಿಡ್ಕೊಂಡು ಕೂರ್ತದೆ, ಅಷ್ಟು ಆಯಾಸ ಇಲ್ಲ. ಸುಳಿ ಹಾಗಲ್ಲ, ಸೆಕೆಂಡಿಗೆ ಹಲವು ಸಲ ಆ ಕಡೆ ಈ ಕಡೆ ದೂಡ್ತದೆ, ಕುತ್ತಿಗೆ ಪ್ರತಿ ಸಲ ತಡ್ಕೊಳ್ಬೇಕು. ನಿಮ್ಮ ಕಲ್ಲಿನ ಹಾಗೆ ಆಗುವ ಕುತ್ತಿಗೆ ಅದೇ.

ಹಾಗಾಗಿ ಎತ್ತರ ಮಾಡಿದಷ್ಟು ಒಳ್ಳೆದು ಅಂತ ಅಂಗಡಿಯವ್ರು ಹೇಳಿದ್ದು ಪೂರ್ತಿ ಸರಿ ಅಲ್ಲ. ತಲೆಗೆ ಎರಡು ಜಾಗ ಒಳ್ಳೆದು: ಒಂದಾ ಸುಳಿಯ ಮೇಲೆ, ಶುದ್ಧ ಗಾಳಿಯಲ್ಲಿ, ಇಲ್ಲ ಸುಳಿಯ ಕೆಳಗೆ, ಪೂರ್ತಿ ಮರೆಯಲ್ಲಿ. ಮಧ್ಯದಲ್ಲಿ ಇದ್ರೆ ಪೆಟ್ಟು. ನೀವು ಈಗ ಮಧ್ಯದಲ್ಲಿ ಇದ್ದೀರಿ.

ಯಾವ ಕಡೆಗೆ ಹೋಗ್ಬೇಕು ಅಂತ ಗೊತ್ತಾಗ್ಲಿಕ್ಕೆ ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಉಂಟು. ರೋಡ್ ಒಣಗಿದ ದಿನ, ಗಾಡಿ ಕಮ್ಮಿ ಇರುವ ಹೊತ್ತಿಗೆ, ನೇರ ರಸ್ತೆಯಲ್ಲಿ 70ರಲ್ಲಿ ಹಿಡಿದು, ಮೊದ್ಲು ಬೆನ್ನು ಬಗ್ಗಿಸಿ ತಲೆಯನ್ನು ಎರಡು ಇಂಚು ಕೆಳಗೆ ತನ್ನಿ. ಶಬ್ದ ನಿಂತ್ರೆ ನಿಮಗೆ ಶೀಲ್ಡ್ ಇನ್ನೂ ಎತ್ತರ ಬೇಕು ಅಂತ. ಆಮೇಲೆ ಫುಟ್‌ಪೆಗ್ ಮೇಲೆ ಭಾರ ಹಾಕಿ ಸೀಟಿಂದ ಎರಡು ಮೂರು ಇಂಚು ಮೇಲೆ ಏಳಿ. ಆಗ ಅಲ್ಲಾಡುದು ನಿಂತು ಬರೀ ನೇರ ಗಾಳಿ ತಾಗಿದ್ರೆ ಶೀಲ್ಡ್ ಇಳಿಸ್ಬೇಕು ಅಂತ. ಎರಡು ಮೂರು ಸೆಕೆಂಡ್ ಸಾಕು, ಜಾಸ್ತಿ ಹೊತ್ತು ಬೇಡ. ಇನ್ನೊಂದು, ಎಡಗೈಯನ್ನು ಚಪ್ಪಟೆ ಮಾಡಿ ಶೀಲ್ಡ್ ಅಂಚಿನ ಹಿಂದೆ ಇಟ್ಟು ನಿಧಾನ ಮೇಲೆ ತಂದ್ರೆ, ಮೊದ್ಲು ಏನೂ ಇಲ್ಲ, ಮತ್ತೆ ಕೈ ಪಟಪಟ ನಡುಗ್ತದೆ, ಮತ್ತೆ ಒಮ್ಮೆಗೇ ಗಟ್ಟಿ ಗಾಳಿ. ಆ ನಡುಗುವ ಜಾಗ ನಿಮ್ಮ ಹೆಲ್ಮೆಟಿನ ಯಾವ ಭಾಗಕ್ಕೆ ಬರ್ತದೆ ನೋಡಿ. ಬಲಗೈ ಆಕ್ಸಿಲರೇಟರಲ್ಲೇ ಇರ್ಲಿ.

ಬೆಳಿಗ್ಗೆ ಜಾಸ್ತಿ ಸಂಜೆ ಕಮ್ಮಿ ಅಂದ್ರಲ್ಲ, ಅದಕ್ಕೂ ಕಾರಣ ಉಂಟು. ಮಳೆಗಾಲದ ಗಾಳಿ ನಮ್ಮಲ್ಲಿ ನೈಋತ್ಯದಿಂದ. ನೀವು ಬೆಳಿಗ್ಗೆ ದಕ್ಷಿಣಕ್ಕೆ ಹೋಗುದು, ಅಂದ್ರೆ ಗಾಳಿ ಬಲಗಡೆ ಎದುರಿಂದ. ಸಂಜೆ ಅದೇ ಗಾಳಿ ಎಡಗಡೆ ಹಿಂದಿಂದ. ಮೀಟರ್ ಎರಡು ಹೊತ್ತಲ್ಲೂ 70 ತೋರಿಸಿದ್ರೂ ಶೀಲ್ಡಿಗೆ ತಾಗುವ ಗಾಳಿ ಬೆಳಿಗ್ಗೆ 80, ಸಂಜೆ 60 ಆಗಿರ್ಬಹುದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಸರಿಯಾಗಿ ಏರುದು, 60ರಿಂದ 80ಕ್ಕೆ ಹೋದ್ರೆ ಸುಮಾರು 1.8 ಪಟ್ಟು. ಅದಕ್ಕೆ ಒಂದು ವಿಷಯ ಮರೀಬೇಡಿ: ಎತ್ತರ ಬದಲಾಯಿಸಿ ಪರೀಕ್ಷೆ ಮಾಡುವಾಗ ಒಂದೇ ದಿಕ್ಕಿಗೆ, ಒಂದೇ ಹೊತ್ತಿಗೆ ಹೋಗಿ ನೋಡಿ. ಬೆಳಿಗ್ಗೆ ಹಳೇ ಎತ್ತರ, ಸಂಜೆ ಹೊಸ ಎತ್ತರ ನೋಡಿದ್ರೆ ಯಾವ ಎತ್ತರ ಇಟ್ರೂ ಸಂಜೆಯದ್ದೇ ಒಳ್ಳೆದು ಅನಿಸ್ತದೆ. ನನ್ನ ಎರಡನೇ ಶೀಲ್ಡ್ ಹಾಗೇ ಹಾಳು ಖರ್ಚಾದದ್ದು.

ಮಣಿಪಾಲ_ಅಕ್ಕ:

ಕೂಳೂರಿನವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಸೇರಿಸ್ತೇನೆ, ಗಾಳಿಯಷ್ಟೇ ಮುಖ್ಯ ಕಣ್ಣು. ಅಂಚು ಕಣ್ಣಿನ ಎದುರಿಗೇ ಬರ್ತದೆ ಅಂತ ಬರ್ದಿದ್ದೀರಿ, ಅದು ನಂಗೆ ಓದುವಾಗಲೇ ಹೆದರಿಕೆ ಆಯ್ತು. ಶೀಲ್ಡಿಗೆ ವೈಪರ್ ಇಲ್ಲ. ಮಳೆ ಬರುವಾಗ ಅದರ ಮೂಲಕ ನೋಡಿದ್ರೆ ಒಂದು ಪದರ ನೀರು, ಅದರ ಹಿಂದೆ ನಿಮ್ಮ ಹೆಲ್ಮೆಟಿನ ವೈಸರ್, ಅದರಲ್ಲಿ ಇನ್ನೊಂದು ಪದರ. ರಾತ್ರಿ ಎದುರಿನವ ಹೈ ಬೀಮ್ ಹಾಕಿದ್ರೆ ಶೀಲ್ಡಿನ ಪ್ರತಿ ಗೀರೂ ಬೆಳಕಿನ ಗೆರೆ ಆಗ್ತದೆ, ರೋಡಿನ ಹೊಂಡ ಎಲ್ಲಿ ಕಾಣ್ತದೆ? ಮತ್ತೆ ನಮ್ಮ ಹೈವೇಯಲ್ಲಿ ಮೀನಿನ ಲಾರಿ ಹಿಂದೆ ಒಂದು ಐದು ನಿಮಿಷ ಹೋದ್ರೆ ಸಾಕು, ಅದರಿಂದ ಸೋರುವ ಉಪ್ಪುನೀರು ಹಾರಿ ಬಂದು ಒಣಗಿ ಶೀಲ್ಡ್ ಇಡೀ ಬೆಳ್ಳಗೆ ಮಂಜಾಗ್ತದೆ. ಅದರ ಮೂಲಕ ನೋಡ್ಲಿಕ್ಕೆ ಸಾಧ್ಯವೇ ಇಲ್ಲ. ಯಾವಾಗ್ಲೂ ಅಂಚಿನ ಮೇಲಿಂದ ನೋಡ್ಬೇಕು.

ಎಷ್ಟು ಮೇಲಿಂದ ಅಂದ್ರೆ ನಾನು ಲೆಕ್ಕ ಹಾಕಿದ್ದೇನೆ. ಮೀಟಿಯರಲ್ಲಿ ಕೂತಾಗ ಕಣ್ಣು ನೆಲದಿಂದ ಅಂದಾಜು 140 ಸೆಂಟಿಮೀಟರ್ ಮೇಲಿರ್ತದೆ ಅಂತ ಇಟ್ಕೊಳ್ಳಿ, ಶೀಲ್ಡ್ ಅಂಚು ಕಣ್ಣಿಂದ 55 ಸೆಂಟಿಮೀಟರ್ ಮುಂದೆ. 15 ಮೀಟರ್ ದೂರದ ರೋಡ್ ಅಂಚಿನ ಮೇಲಿಂದಲೇ ಕಾಣ್ಬೇಕಾದ್ರೆ ಅಂಚು ಕಣ್ಣಿಗಿಂತ 5 ಸೆಂಟಿಮೀಟರ್ ಕೆಳಗೆ ಇರ್ಬೇಕು, ಅಂದ್ರೆ ಮೂಗಿನ ತುದಿ ಹತ್ರ. 10 ಮೀಟರ್ ದೂರದ್ದು ಕಾಣ್ಬೇಕಾದ್ರೆ ಸುಮಾರು 8 ಸೆಂಟಿಮೀಟರ್, ಅಂದ್ರೆ ಬಾಯಿ ಹತ್ರ. 80ರಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗ್ತೇವೆ, ಹಾಗಾಗಿ ಹೈವೇಗೆ ಮೂಗಿನ ಲೆಕ್ಕ ಸಾಕು. ಆದ್ರೆ ಒಳ ರೋಡಲ್ಲಿ, ಘಾಟಿಯಲ್ಲಿ ನಿಧಾನ ಹೋಗುವಾಗ ಹತ್ತಿರದ ಹೊಂಡ, ಕಲ್ಲು ಕಾಣ್ಬೇಕಲ್ಲ, ನಾನು ಬಾಯಿಯ ಲೆಕ್ಕವೇ ಇಟ್ಟಿದ್ದೇನೆ.

ಅಳತೆ ತೆಗೆಯುವಾಗ ಸ್ಟ್ಯಾಂಡಲ್ಲಿ ನಿಲ್ಲಿಸಿ ತೆಗೀಬೇಡಿ. ಸ್ಟ್ಯಾಂಡಲ್ಲಿ ಬೈಕ್ ಕೂರುವ ರೀತಿಯೇ ಬೇರೆ, ನಿಮ್ಮ ಭಾರಕ್ಕೆ ಸಸ್ಪೆನ್ಷನ್ ಕೂತಾಗ ಬೇರೆ. ಅಂಗಳದಲ್ಲಿ ಯಾರಾದ್ರೂ ಬೈಕ್ ಹಿಡ್ಕೊಳ್ಳಿ, ನೀವು ಹೆಲ್ಮೆಟ್, ರೈನ್‌ಕೋಟ್ ಎಲ್ಲಾ ಹಾಕಿ ದಿನಾ ಹೋಗುವಾಗ ಹೇಗೆ ಕೂರ್ತೀರೋ ಹಾಗೆ ಕೂತ್ಕೊಳ್ಳಿ. ಸುಮ್ಮನೆ ಕೂತಾಗ ಎಲ್ರೂ ಬೆನ್ನು ನೆಟ್ಟಗೆ ಮಾಡ್ತಾರೆ, ಅರ್ಧ ಗಂಟೆ ಓಡಿಸಿದ ಮೇಲೆ ಒಂದಿಂಚು ಕುಸಿದಿರ್ತಾರೆ. ಆ ಕುಸಿದ ಕೂತದ್ದೇ ನಿಜವಾದ ಅಳತೆ.

ನನ್ನ ಎತ್ತರ 5 ಅಡಿ 1 ಇಂಚು, ನಂದೂ ಮೀಟಿಯರೇ, ಶೀಲ್ಡ್ ಜೊತೆಗೇ ಬರುವ ಸೂಪರ್‌ನೋವಾ ಮಾಡೆಲ್. ನಂಗೆ ಅಂಚು ಹುಬ್ಬಿಗೆ ಬರ್ತಿತ್ತು, ಇಳಿಸ್ಲಿಕ್ಕೆ ಜಾಗ ಇರ್ಲಿಲ್ಲ. ಹಾಗಾಗಿ ಕಂಪೆನಿದ್ದು ತೆಗೆದು ಜೋಪಾನ ಇಟ್ಟು, ಹೊರಗಿಂದ ಒಂದು ತಂದು ಕತ್ತರಿಸಿದೆ. ಮೊದ್ಲನೆಯದ್ದು ಒಡೆದು ಹೋಯ್ತು. ಅದು ಅಕ್ರಿಲಿಕ್, ದೊಡ್ಡ ಹಲ್ಲಿನ ಗರಗಸದಲ್ಲಿ ಅರ್ಜೆಂಟ್ ಮಾಡಿ ಎಳೆದದ್ದು, ಮೂಲೆಯಿಂದ ಬೋಲ್ಟಿನ ತೂತಿನ ವರೆಗೆ ಸೀಳು ಓಡಿತು. ಎರಡನೆಯದ್ದು ಪಾಲಿಕಾರ್ಬೊನೇಟ್ ಅಂತ ಕೇಳಿಯೇ ತಂದೆ, ಅದು ಅಷ್ಟು ಸುಲಭದಲ್ಲಿ ಸೀಳದ ಪ್ಲಾಸ್ಟಿಕ್. ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದ ಉಂಟಲ್ಲ, ಅದನ್ನು ಮಧ್ಯಕ್ಕೆ ಮಡಚಿ ಅಂಚಿನ ಆಕಾರ ಕತ್ತರಿಸಿದೆ, ಬಿಡಿಸಿದಾಗ ಎರಡು ಬದಿ ಒಂದೇ ಸಮ ಬರ್ತದೆ. ಅದನ್ನು ಶೀಲ್ಡ್ ಮೇಲೆ ಇಟ್ಟು ಗೆರೆ ಎಳೆದು, ಗೆರೆಯ ಎರಡು ಬದಿ ಮಾಸ್ಕಿಂಗ್ ಟೇಪ್ ಹಾಕಿ, ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡಲ್ಲಿ ಜಗಲಿಯಲ್ಲಿ ಕೂತು ಮುಕ್ಕಾಲು ಗಂಟೆ ಮೆಲ್ಲ ಮೆಲ್ಲ ಕೊಯ್ದೆ, ಅಮ್ಮ ಆ ಕಡೆ ಗಟ್ಟಿ ಹಿಡ್ಕೊಂಡಿದ್ರು. ಗೆರೆಗಿಂತ ಒಂದು ಸೆಂಟಿಮೀಟರ್ ಮೇಲೆಯೇ ಕತ್ತರಿಸಿ, ಓಡಿಸಿ ನೋಡಿ, ಬೇಕಾದ್ರೆ ಮತ್ತೆ ಕತ್ತರಿಸಿ. ಕತ್ತರಿಸಿದ್ದನ್ನು ವಾಪಸ್ ಅಂಟಿಸ್ಲಿಕ್ಕೆ ಆಗುದಿಲ್ಲ. ಅಂಚನ್ನು ನೀರು ಹಾಕಿ ಎಮರಿ ಪೇಪರಲ್ಲಿ ತಿಕ್ಕಿ, ಮೊದ್ಲು 240 ನಂಬ್ರದ್ದು, ಮತ್ತೆ 400, ಮತ್ತೆ 800. ಬೆರಳು ಎಳೆದ್ರೆ ಎಲ್ಲಿಯೂ ಸಿಕ್ಕಿಕೊಳ್ಬಾರ್ದು.

ಆದ್ರೆ ನಿಮ್ಮದಕ್ಕೆ ಸರಿಸುವ ಪಟ್ಟಿ ಉಂಟಲ್ಲ, ನೀವು ಕತ್ತರಿಸ್ಲಿಕ್ಕೆ ಹೋಗ್ಬೇಡಿ, ಮೊದ್ಲು ಇಳಿಸಿ.

ಬೈಂದೂರ್_ಬುಲೆಟ್:

ಎಲ್ರೂ ಎತ್ತರ ಎತ್ತರ ಅಂತ ಹೇಳ್ತಿದ್ದಾರೆ, ನಾನು ಅಡ್ಡ ಗಾಳಿ ಬಗ್ಗೆ ಹೇಳ್ತೇನೆ. ನಿಮ್ಮ ಶೀಲ್ಡ್ ಹೆಡ್‌ಲೈಟ್ ಹತ್ರದ ಕ್ಲಾಂಪಿಗೆ ಅಂದ್ರಿ, ಅಂದ್ರೆ ಹ್ಯಾಂಡಲ್ ತಿರುಗಿದ ಹಾಗೆ ಅದೂ ತಿರುಗ್ತದೆ. ಚಾಸಿಸಿಗೆ ಕೂತ ಶೀಲ್ಡಿಗೆ ಗಾಳಿ ಹೊಡೆದ್ರೆ ಪೆಟ್ಟು ಇಡೀ ಬೈಕಿಗೆ, ಇದಕ್ಕೆ ಹೊಡೆದ್ರೆ ನೇರ ಹ್ಯಾಂಡಲಿಗೇ. ಮರವಂತೆಯಲ್ಲಿ ಒಂದು ಬದಿ ಸಮುದ್ರ ಒಂದು ಬದಿ ಸೌಪರ್ಣಿಕಾ, ಮಧ್ಯದಲ್ಲಿ ರೋಡ್, ಗಾಳಿಗೆ ತಡೆ ಅಂತ ಒಂದು ಮರವೂ ಇಲ್ಲದ ಜಾಗ ಅದು. ಜುಲೈಯಲ್ಲಿ ಅಲ್ಲಿ ದೊಡ್ಡ ಶೀಲ್ಡ್ ಹಾಕಿ ಹೋಗುವಾಗ ಗಾಳಿ ಒಮ್ಮೆ ಬೀಸಿ ನನ್ನ ಹ್ಯಾಂಡಲನ್ನು ಎಳೆದು ಪೂರ್ತಿ ಒಂದು ಲೇನ್ ಆಚೆ ಹಾಕಿತ್ತು. ಹಿಂದೆ ಯಾವುದೂ ಗಾಡಿ ಇರ್ಲಿಲ್ಲ, ಹಾಗಾಗಿ ಈಗ ಕೂತು ಬರೀತಿದ್ದೇನೆ. ನಿಮ್ಮ ರೂಟಲ್ಲಿ ಉದ್ಯಾವರ ಸೇತುವೆ ಬರುದಿಲ್ಲ ಸರಿ, ಆದ್ರೆ ಮೂಲ್ಕಿ ಸೇತುವೆ ಉಂಟು. ಸೇತುವೆ ಮೇಲೆ ಹೋಗುವಾಗ ಮತ್ತೆ ಲಾರಿ ಓವರ್‌ಟೇಕ್ ಮಾಡಿ ಅದರ ಮರೆಯಿಂದ ಹೊರಗೆ ಬರುವಾಗ ಹ್ಯಾಂಡಲನ್ನು ಬಿಗಿಯಾಗಿ ಅಲ್ಲ, ಸಡಿಲ ಕೈಯಲ್ಲಿ ಹಿಡಿದು ಸ್ಪೀಡ್ ಇಳಿಸಿ. ಶೀಲ್ಡಿನ ಅಗಲ, ಎತ್ತರ ಜಾಸ್ತಿ ಆದಷ್ಟು ಈ ಎಳೆತ ಜಾಸ್ತಿ. ಇದು ಒಂದೇ ಕಾರಣಕ್ಕೆ ನಾನು ಹೇಳುದು, ಬೇಕಾದ್ದಕ್ಕಿಂತ ಒಂದು ಇಂಚೂ ಎತ್ತರ ಇಡ್ಬೇಡಿ.

ಮತ್ತೆ ನಟ್ಟು ಬೋಲ್ಟಿನ ವಿಷಯ. ಕಡಲ ಬದಿಯಲ್ಲಿ ಸಾದಾ ಕಬ್ಬಿಣದ ಬೋಲ್ಟ್ ಒಂದು ಮಳೆಗಾಲಕ್ಕೆ ಕೆಂಪಾಗಿ ಹಿಡ್ಕೊಳ್ತದೆ, ಆಮೇಲೆ ಸರಿಸುದು ಬಿಡಿ, ಬಿಚ್ಲಿಕ್ಕೇ ಆಗುದಿಲ್ಲ. ಎಲ್ಲಾ ಸ್ಟೇನ್‌ಲೆಸ್ ಹಾಕಿ. ಪ್ಲಾಸ್ಟಿಕಿನ ಎರಡು ಬದಿಗೂ ರಬ್ಬರ್ ವಾಷರ್ ಬೇಕೇ ಬೇಕು, ಸ್ಟೀಲ್ ನೇರ ಪ್ಲಾಸ್ಟಿಕಿಗೆ ತಾಗಬಾರ್ದು. ರಬ್ಬರ್ ಸ್ವಲ್ಪ ಉಬ್ಬಿದ್ದು ಕಂಡ್ರೆ ಸಾಕು, ಅಲ್ಲಿಗೆ ಟೈಟ್ ನಿಲ್ಲಿಸಿ. ಬೋಲ್ಟ್ ಲೂಸ್ ಆಗ್ತದೆ ಅಂತ ಥ್ರೆಡ್‌ಲಾಕರ್ ಗಮ್ ಹಾಕ್ಬೇಡಿ, ಅದು ಪಾಲಿಕಾರ್ಬೊನೇಟಿಗೆ ತಾಗಿದ್ರೆ ತೂತಿನ ಸುತ್ತ ಜೇಡನ ಬಲೆಯ ಹಾಗೆ ಸಣ್ಣ ಸಣ್ಣ ಸೀಳು ಬರ್ತದೆ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿದ್ರೆ ಆಯ್ತು. ಪೆಟ್ರೋಲ್ ಬಟ್ಟೆಯಲ್ಲಿ ಒರೆಸುದು, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಹಾಕುದು ಎರಡೂ ಬೇಡ. ತುಂಬಾ ನೀರು ಹಾಕಿ ಉಪ್ಪು, ಮಣ್ಣು ನೆನೆಸಿ ತೊಳೆದು, ಮತ್ತೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತನೆ ಬಟ್ಟೆ. ಒಣ ಬಟ್ಟೆಯಲ್ಲಿ ತಿಕ್ಕಿದ್ರೆ ಆ ಮಣ್ಣೇ ಗೀರು ಹಾಕುದು.

ಎತ್ತರ ಬದಲಾಯಿಸಿದ ಪ್ರತಿ ಸಲ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಬ್ರೇಕ್ ಹೋಸ್, ಕ್ಲಚ್ ಕೇಬಲ್ ಪಟ್ಟಿಗೆ ಸಿಕ್ಕಿಕೊಳ್ತದಾ, ಶೀಲ್ಡಿನ ಕೆಳಗಿನ ಮೂಲೆ ಟ್ಯಾಂಕಿಗೆ ತಾಗ್ತದಾ ಅಂತ. ಮನೆಯಂಗಳದಲ್ಲಿ ಎರಡು ನಿಮಿಷದ ಕೆಲಸ, ಯೂ ಟರ್ನಲ್ಲಿ ಸಿಕ್ಕಿಕೊಂಡ್ರೆ ಬೈಕ್ ಸಮೇತ ಬೀಳುದು.

ಕಟಪಾಡಿ_ಮೀಟಿಯರ್:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರಿ ಅಂತ ಎಣಿಸಿರ್ಲಿಲ್ಲ. ಒಂದು ವಾರ ಪೂರ್ತಿ ಇದೇ ಮಾಡಿದ್ದು, ಆದದ್ದು ಆದ ಹಾಗೆ ಬರೀತೇನೆ.

ಸೋಮವಾರ ಶೀಲ್ಡ್ ಬಿಚ್ಚಿ ಹೋದೆ. ಗಾಳಿ ಎದೆಗೆ ಚೆನ್ನಾಗಿ ತಾಗ್ತದೆ, ಆದ್ರೆ ತಲೆ ಅಲ್ಲಾಡುದಿಲ್ಲ. ಹಾಗಾಗಿ ಹೆಲ್ಮೆಟ್ ಸರಿ ಉಂಟು. ಮಂಗಳವಾರ ಮಳೆ. ಬುಧವಾರ ವಾಪಸ್ ಹಾಕಿ, ಪಡುಬಿದ್ರಿ ದಾಟಿ ಹೆಜಮಾಡಿ ಟೋಲಿಗಿಂತ ಮೊದ್ಲು ಖಾಲಿ ಇದ್ದ ಕಡೆ ಬಗ್ಗಿ ನೋಡಿದೆ, ಎರಡಿಂಚು ಬಗ್ಗಿದ್ರೂ ಅದೇ ಧಡಧಡ. ಸೀಟಿಂದ ಸ್ವಲ್ಪ ಎದ್ದೆ ನೋಡಿ, ಒಮ್ಮೆಗೇ ನಿಂತಿತು! ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ. ನಂಗೆ ನಂಬ್ಲಿಕ್ಕೆ ಆಗ್ಲಿಲ್ಲ, ಕೂತೆ, ಮತ್ತೆ ಧಡಧಡ, ಎದ್ದೆ, ಮತ್ತೆ ಶಾಂತ.

ಆ ದಿನ ಸಂಜೆ ಅಂಗಳದಲ್ಲಿ ಮನೆಯವಳು ಬೈಕ್ ಹಿಡ್ಕೊಂಡ್ಲು, ಮಗ ಶೀಲ್ಡಿಗೆ ಕೆಂಪು ಟೇಪ್ ಅಂಟಿಸಿದ. ಮಣಿಪಾಲ ಅಕ್ಕ ಹೇಳಿದ ಹಾಗೆ ಮೂಗಿನ ತುದಿಗೆ ಒಂದು, ಬಾಯಿಗೆ ಒಂದು. ಗುರುವಾರ ಬೆಳಿಗ್ಗೆ ಮೂಗಿನ ಗುರ್ತಕ್ಕೆ ಇಳಿಸಿ ಹೋದೆ. ಅಲ್ಲಾಡುದು ಅರ್ಧಕ್ಕರ್ಧ ಕಮ್ಮಿ, ಆದ್ರೆ 75ರ ಮೇಲೆ ಇನ್ನೂ ಉಂಟು. ಶುಕ್ರವಾರ ಬೆಳಿಗ್ಗೆ ಅದೇ ಹೊತ್ತಿಗೆ ಬಾಯಿಯ ಗುರ್ತ. ಈಗ ಹೆಲ್ಮೆಟಿನ ಮೇಲಿನ ಅರ್ಧಕ್ಕೆ ನೇರ ಗಾಳಿ, ಎದೆಗೆ ಏನಿಲ್ಲ, ಭುಜಕ್ಕೆ ಸ್ವಲ್ಪ. ಎದುರಿನ ಬಸ್ಸಿನ ನಂಬರ್ ಓದ್ಲಿಕ್ಕೆ ಆಯ್ತು. ಮೊದ್ಲ ಸಲ ಕುತ್ತಿಗೆ ಮುಟ್ಟಿಕೊಳ್ಳದೆ ಗೇಟ್ ಒಳಗೆ ಹೋದೆ.

ಒಂದು ಸಂಶಯ ಉಳಿದಿದೆ. ಶಬ್ದ ಪೂರ್ತಿ ಹೋಗ್ಲಿಲ್ಲ, ಅಲ್ಲಾಡುದಿಲ್ಲ ಆದ್ರೆ ಸುಂಯ್ ಅಂತ ಉಂಟು. ಮತ್ತೆ ಮನೆಯವಳಿಗೆ ಹಿಂದೆ ಇನ್ನೂ ಸ್ವಲ್ಪ ಗಾಳಿ ಪೆಟ್ಟು ಆಗ್ತದಂತೆ. ಇದಕ್ಕೆ ವಾಲಿಸಿ ನೋಡ್ಬೇಕಾ?

ಕೂಳೂರು_ಗಾಳಿ:

ಎದ್ದಾಗ ನಿಂತಿತು ಅಂತ ಓದಿ ಭಾರೀ ಖುಷಿ ಆಯ್ತು ಮಾರಾಯ್ರೇ. ಆ ಕ್ಷಣ ಒಮ್ಮೆ ಗೊತ್ತಾದ್ರೆ ಮತ್ತೆ ಅಂದಾಜಿನ ಮೇಲೆ ದುಡ್ಡು ಹಾಕ್ಲಿಕ್ಕೆ ಇಲ್ಲ.

ಹೌದು, ಈಗ ವಾಲಿಸುದು ನೋಡಿ. ಶೀಲ್ಡ್ ನೆಟ್ಟಗೆ ಇದ್ದಷ್ಟು ಗಾಳಿಯನ್ನು ಮೇಲಕ್ಕೆ ಎಸೀತದೆ, ಆದ್ರೆ ಹಿಂದೆ ಸುಳಿಯೂ ದೊಡ್ಡದು. ನಿಮ್ಮ ಕಡೆಗೆ ವಾಲಿದಷ್ಟು ಗಾಳಿ ಜಾರಿ ಹೋಗ್ತದೆ, ಸುಳಿ ಸಣ್ಣದು, ಮರೆಯೂ ಸ್ವಲ್ಪ ಕಮ್ಮಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಬೆರಳಿನ ದಪ್ಪದಷ್ಟು. ಎತ್ತರವೂ ವಾಲುವಿಕೆಯೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಗೊತ್ತಾಗುದಿಲ್ಲ.

ಕೆಳಗಿನ ಸಂದಿಯನ್ನೂ ನೋಡಿ. ಶೀಲ್ಡಿನ ಹಿಂದೆ ಒತ್ತಡ ಕಮ್ಮಿ ಇರ್ತದೆ, ಆ ಖಾಲಿಯನ್ನು ತುಂಬ್ಲಿಕ್ಕೆ ಗಾಳಿ ಮೇಲಿಂದ ಒಳಗೆ ಮಗುಚ್ತದೆ, ಹಿಂದೆ ಕೂತವರ ಬೆನ್ನಿಂದ ಕೂಡ ಮುಂದಕ್ಕೆ ಎಳ್ಕೊಳ್ತದೆ. ಹೆಡ್‌ಲೈಟಿಗೂ ಶೀಲ್ಡಿನ ಕೆಳ ಅಂಚಿಗೂ ಮಧ್ಯೆ ಎರಡು ಬೆರಳು ಸಂದಿ ಇದ್ರೆ ಅಲ್ಲಿಂದ ಗಾಳಿ ಬಂದು ಆ ಖಾಲಿ ತುಂಬ್ತದೆ, ಮೇಲಿನ ಸುಳಿ ಸಮಾಧಾನ ಆಗ್ತದೆ. ನೀವು ಇಳಿಸಿದ ಮೇಲೆ ಆ ಸಂದಿ ಪೂರ್ತಿ ಮುಚ್ಚಿ ಹೋಗಿದ್ರೆ ಶೀಲ್ಡನ್ನು ಒಂದು ಸೆಂಟಿಮೀಟರ್ ಮುಂದಕ್ಕೆ ತಂದು ಜಾಗ ಮಾಡಿ.

ಆ ಸುಂಯ್ ಶಬ್ದ ನೇರ ಗಾಳಿಯದ್ದು, ಅದು ಇದ್ದೇ ಇರ್ತದೆ. ದಿನಾ 80 ಕಿಲೋಮೀಟರ್ ಅಂದ್ರೆ ಕಿವಿಗೆ ಒಳ್ಳೆದಲ್ಲ, ಮೆತ್ತನೆ ಫೋಮ್ ಇಯರ್ ಪ್ಲಗ್ ಹಾಕಿ. ಎಲ್ಲಾ ಶಬ್ದವೂ ಸ್ವಲ್ಪ ಇಳೀತದೆ, ಆದ್ರೂ ಹಾರ್ನ್ ಕೇಳ್ತದೆ.

ಮಣಿಪಾಲ_ಅಕ್ಕ:

ಅಂಗಳದ ಕೆಲಸಕ್ಕೆ ಮನೆಯವರನ್ನೆಲ್ಲ ಸೇರಿಸಿದ್ದು ಓದಿ ನಂಗೆ ನಮ್ಮ ಜಗಲಿ ನೆನಪಾಯ್ತು. ಒಂದು ಮಾತು, ಬಾಯಿಯ ಗುರ್ತದಲ್ಲಿ ಇಟ್ರೆ ಇನ್ನೊಂದು ಲಾಭ ಉಂಟು, ಮಳೆಯಲ್ಲಿ ವೈಸರಿಗೆ ಗಾಳಿ ತಾಗಿ ಹನಿಗಳು ತನ್ನಷ್ಟಕ್ಕೆ ಬದಿಗೆ ಓಡ್ತವೆ. ಪೂರ್ತಿ ಮರೆಯಲ್ಲಿ ತಲೆ ಇದ್ರೆ ಹನಿ ಅಲ್ಲೇ ಕೂತಿರ್ತದೆ, ಕೈಯಲ್ಲಿ ಒರೆಸಿ ಒರೆಸಿ ಸಾಕಾಗ್ತದೆ, ಒಳಗೆ ಉಸಿರಿನ ಮಂಜು ಬೇರೆ.

ಎಪ್ರಿಲ್ ಮೇ ಬಂದಾಗ ಇನ್ನೂ ಇಳಿಸಿ. ನಮ್ಮ ಸೆಕೆಗೆ ಎದೆಗೆ ಗಾಳಿ ಇಲ್ಲದೆ ಸಿಗ್ನಲ್ ಬಿಡಿ, ಓಡುವಾಗಲೂ ಬೆವರು ಇಳೀತದೆ. ನೀವು ಮಳೆಗಾಲದ್ದೊಂದು ಬೇಸಿಗೆದ್ದೊಂದು, ಪಟ್ಟಿ ಮೇಲೆ ಎರಡು ಗುರ್ತ ಹಾಕಿ ಇಟ್ಕೊಳ್ಳಿ.

ಕಟಪಾಡಿ_ಮೀಟಿಯರ್:

ನಿನ್ನೆ ಭಾನುವಾರ ಸಂದಿ ನೋಡಿದೆ, ಕೂಳೂರಿನವರು ಹೇಳಿದ ಹಾಗೆಯೇ ಪೂರ್ತಿ ಮುಚ್ಚಿತ್ತು, ಕಾಗದ ತೂರಿಸ್ಲಿಕ್ಕೂ ಜಾಗ ಇರ್ಲಿಲ್ಲ. ಕ್ಲಾಂಪ್ ಲೂಸ್ ಮಾಡಿ ಮುಂದಕ್ಕೆ ತಂದೆ, ಎರಡು ಬೆರಳು ಹೋಗುವಷ್ಟು ಮಾಡಿದೆ. ಹ್ಯಾಂಡಲ್ ಎರಡು ಬದಿ ತಿರುಗಿಸಿ ನೋಡಿದಾಗ ಬಲಕ್ಕೆ ಪೂರ್ತಿ ತಿರುಗಿದ್ರೆ ಕ್ಲಚ್ ಕೇಬಲ್ ಪಟ್ಟಿಗೆ ಉಜ್ಜುದು ಕಂಡಿತು, ಬೈಂದೂರಿನವರು ಹೇಳದಿದ್ರೆ ನಾನು ನೋಡುವವನೇ ಅಲ್ಲ. ಕೇಬಲನ್ನು ಪಟ್ಟಿಯ ಒಳ ಬದಿಯಿಂದ ತಂದು ಟೈ ಹಾಕಿದೆ. ನಾಲ್ಕು ಬೋಲ್ಟಲ್ಲಿ ಎರಡಕ್ಕೆ ಈಗಲೇ ತುಕ್ಕಿನ ಚುಕ್ಕೆ ಬಂದಿತ್ತು, ಹಾಕಿ ಇನ್ನೂ ಎರಡು ತಿಂಗಳು ಆಗ್ಲಿಲ್ಲ. ನಾಲ್ಕೂ ಸ್ಟೇನ್‌ಲೆಸ್ ತಂದು ಹಾಕಿದೆ.

ಮಧ್ಯಾಹ್ನ ಊಟ ಆಗಿ ಮನೆಯವಳನ್ನು ಕೂರಿಸಿಕೊಂಡು ಕಾಪುವಿಗೆ ಹೋಗಿ ಬಂದೆ. ಲೈಟ್‌ಹೌಸ್ ಹತ್ರ ಇಳಿದು ಹೇಗಾಯ್ತು ಕೇಳಿದೆ. "ಇವತ್ತು ನಿಮ್ಮ ಮಾತು ಕೇಳಿತು" ಅಂದ್ಲು. ಮೊದ್ಲು ನಾನು ಎಂತ ಹೇಳಿದ್ರೂ ಅವಳಿಗೆ ಗಾಳಿಯಲ್ಲಿ ಕೇಳ್ತಾನೇ ಇರ್ಲಿಲ್ಲವಂತೆ, ಸುಮ್ಮನೆ ಹೂಂ ಹೂಂ ಅಂತಿದ್ದದ್ದಂತೆ.

ಪಟ್ಟಿ ಮೇಲೆ ಮಳೆಗಾಲದ ಗುರ್ತ ಮೊಳೆಯಿಂದ ಗೀರಿ ಇಟ್ಟಿದ್ದೇನೆ, ಪೈಂಟ್ ತಂದು ಸರಿ ಮಾಡ್ಬೇಕು. ಬೈಂದೂರಿನವರೇ, ಆ ರಬ್ಬರ್ ವಾಷರ್ ನಿಮ್ಮದು ಎಷ್ಟು ದಪ್ಪದ್ದು? ನಂದು ತೆಳು ಅನಿಸ್ತದೆ, ಟೈಟ್ ಮಾಡಿದ್ರೆ ಹೊರಗೆ ಜಾರ್ತದೆ.

ಬೈಂದೂರ್_ಬುಲೆಟ್:

3 ಮಿಲಿಮೀಟರ್. ಜಾರುದಾದ್ರೆ ಅದರ ಮೇಲೆ ಒಂದು ಅಗಲದ ಸ್ಟೇನ್‌ಲೆಸ್ ವಾಷರ್ ಇಟ್ಟು ಮತ್ತೆ ಬೋಲ್ಟ್ ಹಾಕಿ, ಆಗ ಒತ್ತಡ ಎಲ್ಲಾ ಕಡೆ ಒಂದೇ ಸಮ ಬೀಳ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಸ್ಪಾನರ್ ಹಿಡಿದು ನೋಡಿ, ಹೊಸ ರಬ್ಬರ್ ಕೂತು ಒಂದು ಸುತ್ತು ಲೂಸ್ ಆಗಿರ್ತದೆ.